ವಾಹನದ ಕವಚವನ್ನರಸಿ ಪೀಣ್ಯಕ್ಕೆ

ಬೆಂಗಳೂರನ್ನು ನೋಡಲು ಬರುವವರು ಲಾಲ್‌ಬಾಗನ್ನೂ ವಿಧಾನಸೌಧವನ್ನೂ ಕಂಡು, ಬಸವನಗುಡಿಯಲ್ಲಿ ದೇವರ ದರ್ಶನ ಮಾಡಿ ಹಿಂದಿರುಗುವುದು ವಾಡಿಕೆ. ನಗರದ ವಾಯವ್ಯದಲ್ಲಿ ತುಮಕೂರು ರಸ್ತೆಯ ಮಗ್ಗುಲಿಗೆ ಹಬ್ಬಿರುವ ಪೀಣ್ಯವನ್ನು ನೋಡಬೇಕೆಂದು ಹೊರಟವರು ವಿರಳ. ಆದರೆ ವಸ್ತುಗಳು ಹೇಗೆ ರೂಪುಗೊಳ್ಳುವುವೆಂಬುದನ್ನು ತಿಳಿಯಬಯಸುವ ಗೃಹಸ್ಥನಿಗೆ ಅದಕ್ಕಿಂತ ಉತ್ತಮವಾದ ಪಾಠಶಾಲೆ ಸಮೀಪದಲ್ಲಿಲ್ಲವೆಂದು ನನ್ನ ಅಭಿಪ್ರಾಯ.

ಅಲ್ಲಿಗೆ ಹೋಗುವುದು ಈಗ ಶ್ರಮದ ಕಾರ್ಯವಲ್ಲ. 2014ರ ಮಾರ್ಚ್ ತಿಂಗಳಿನಲ್ಲಿಯೇ ಸಂಪಿಗೆ ರಸ್ತೆಯಿಂದ ಪೀಣ್ಯಕ್ಕೆ ಮೆಟ್ರೋ ರೈಲು ಓಡತೊಡಗಿತು. 2024ರ ನವೆಂಬರಿನಲ್ಲಿ ಆ ಮಾರ್ಗವು ಮಾದಾವರದವರೆಗೆ ಬೆಳೆಯಿತು. ನಿಲ್ದಾಣದಿಂದ ಇಳಿದು ಒಳಬೀದಿಗಳನ್ನು ಹೊಕ್ಕರೆ ಇಕ್ಕೆಲಗಳಲ್ಲಿಯೂ ತಗಡಿನ ಛಾವಣಿಯ ಕಾರ್ಖಾನೆಗಳು. ಒಂದರಲ್ಲಿ ಲೇತು ತಿರುಗುತ್ತಿರುವುದು. ಇನ್ನೊಂದರಲ್ಲಿ ಬೆಸುಗೆಯ ಕಿಡಿ ಹಾರುವುದು. ಮತ್ತೊಂದರಲ್ಲಿ ಬಣ್ಣದ ಪುಡಿ ಹಾಕಿದ ಕಬ್ಬಿಣವು ಒಲೆಯೊಳಗೆ ಬೇಯುವುದು.

ಈ ವಿದ್ಯೆ ಇಲ್ಲಿ ಒಂದೇ ದಿನದಲ್ಲಿ ನೆಲೆಸಿದುದಲ್ಲ. ನೆರೆಯ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ.ಯೂ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಸಹಸ್ರಾರು ಕುಶಲಿಗಳನ್ನು ತರಬೇತುಗೊಳಿಸಿದುವು. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವು ರೂಪುಗೊಂಡ ಬಳಿಕ, ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ಉದ್ಯಮಗಳು ಇಲ್ಲಿ ಗುಂಪುಗೂಡಿದುವು. ಎಚ್.ಎಂ.ಟಿ.ಯ ಗಡಿಯಾರದ ಕಂಪೆನಿಯನ್ನು ಮುಚ್ಚಲು ಸರ್ಕಾರವು 2016ರಲ್ಲಿ ಒಪ್ಪಿತು. ಆದರೆ ಕೈಯಿಂದ ಕೈಗೆ ಬಂದ ವಿದ್ಯೆಗೆ ಬೀಗ ಹಾಕುವವರಾರು?

ನಾವು ಅಲ್ಲಿಗೆ ಹೋದುದು ಕಾರ್ಯನಿಮಿತ್ತವಾಗಿ. ಸಕಲೇಶಪುರದ ಕಡೆ ಕಾಫಿ ತೋಟವುಳ್ಳ ನನ್ನ ಸೋದರಳಿಯನು ಎ.ಟಿ.ವಿ. ಎಂಬ ನಾಲ್ಕು ಗಾಲಿಯ ಬಂಡಿಯೊಂದನ್ನು ಕೊಂಡಿರುವನು. ಮೋಟರು ಸೈಕಲ್ಲಿನಂತೆ ಇಕ್ಕಡೆಗೂ ಕಾಲನ್ನಿಳಿಬಿಟ್ಟು ಕುಳಿತು, ಹ್ಯಾಂಡಲಿನಿಂದ ತಿರುಗಿಸತಕ್ಕ ವಾಹನವದು. ಹಾದಿಯಿಲ್ಲದೆಡೆಯೇ ಅದಕ್ಕೆ ಹಾದಿ. ಆದರೆ ಅದರ ಹೊಟ್ಟೆಯ ಕೆಳಗೆ ಎಂಜಿನ್, ಎಣ್ಣೆಯ ತಿರುಪು, ಗೇರಿನ ಪೆಟ್ಟಿಗೆ ಮುಂತಾದ ಮರ್ಮಸ್ಥಾನಗಳಿವೆ. ತರಗೆಲೆಯಡಿ ಅಡಗಿದ ಒಂದು ಕಲ್ಲು ಎಣ್ಣೆಯ ತಿರುಪನ್ನು ಒಡೆದರೆ, ಎಣ್ಣೆಯೆಲ್ಲ ಸುರಿದು ಎಂಜಿನ್ ಬಿಗಿದುಕೊಳ್ಳುವುದು. ಬಂಡಿಯನ್ನು ನಡೆಸುವವನು ಯಜಮಾನನಲ್ಲ, ತೋಟದ ಮೇಸ್ತ್ರಿ. ಆಷಾಢದ ಮಳೆಯಲ್ಲಿ ಇಳಿಜಾರಿನ ನಡುವೆ ಬಂಡಿ ನಿಂತರೆ, ಜಿಗಣೆಗಳ ನಡುವೆ ಕತ್ತಲಲ್ಲಿ ನಡೆದು ಬರಬೇಕಾದವನು ಅವನೇ. ಆದುದರಿಂದ ಕೆಳಗೊಂದು ಕವಚ ಬೇಕು. ಇದನ್ನು ಸ್ಕಿಡ್ ಪ್ಲೇಟೆಂದು ಕರೆಯುವರು.

ಅಳಿಯನಿಗೆ ಉಕ್ಕೇ ಬೇಕೆಂಬ ಹಟ. ಕಾರ್ಖಾನೆಯ ಯಜಮಾನರು ತುಮಕೂರಿನ ಕಡೆಯವರು, ಬಂಡಿಯ ಕೆಳಗೆ ಮಲಗಿ ಅಳತೆ ತೆಗೆದುಕೊಂಡು ಮೇಲೆದ್ದು, "ಸಾರ್, ನಿಮ್ಮ ತೋಟದಲ್ಲಿ ಕಲ್ಲು ಹೆಚ್ಚೋ, ಕೆಸರು ಹೆಚ್ಚೋ?" ಎಂದು ಕೇಳಿದರು. ಕೆಸರೂ ಬೇರೂ ಹೆಚ್ಚು, ಕಲ್ಲು ಹಳ್ಳ ದಾಟುವಲ್ಲಿ ಮಾತ್ರ ಎಂದು ಉತ್ತರ ಬಂದಿತು. "ಹಾಗಾದರೆ ಪ್ಲಾಸ್ಟಿಕ್ ಸಾಕು" ಎಂದರು. ಅಳಿಯನು ನನ್ನತ್ತ ತಿರುಗಿ, "ಪ್ಲಾಸ್ಟಿಕ್ಕನ್ನು ನಂಬುವುದೆ, ಮಾವ?" ಎಂದನು. ಯಜಮಾನರು ವಾದಿಸಲಿಲ್ಲ. ಮೂರು ಮಿಲಿಮೀಟರಿನ ಉಕ್ಕಿನ ತುಂಡೊಂದನ್ನೂ ಹನ್ನೆರಡು ಮಿಲಿಮೀಟರಿನ ಗಟ್ಟಿ ಪಾಲಿಎಥಿಲೀನ್ ತುಂಡೊಂದನ್ನೂ ಎರಡು ದಿಮ್ಮಿಗಳ ಮೇಲಿಟ್ಟು, ಸುತ್ತಿಗೆಯನ್ನು ಅವನ ಕೈಗಿತ್ತರು. ಉಕ್ಕು ಬಗ್ಗಿತು, ಬಗ್ಗಿದಂತೆಯೇ ಉಳಿಯಿತು. ಪ್ಲಾಸ್ಟಿಕ್ಕು ಬಗ್ಗಿ ಮತ್ತೆ ನೆಟ್ಟಗಾಯಿತು. ಬಗ್ಗಿ ಉಳಿದ ಕವಚವು ಒಳಗಿನ ಎಂಜಿನ್ನಿಗೇ ಒತ್ತಿದರೆ, ಕಾಯಬೇಕಾದುದೇ ಕೊಲ್ಲುವುದಲ್ಲವೆ?

ತೂಕದ ಲೆಕ್ಕವನ್ನು ವಾಚಕರು ತಾವೇ ಮಾಡಬಹುದು. ಸೌಕರ್ಯಕ್ಕಾಗಿ ಒಂದು ಚದರ ಮೀಟರ್ ಹಾಳೆಯೆಂದಿಟ್ಟುಕೊಳ್ಳೋಣ. 3 ಮಿ.ಮೀ. ಉಕ್ಕಾದರೆ ಸುಮಾರು 23½ ಕಿಲೋಗ್ರಾಂ, 5 ಮಿ.ಮೀ. ಅಲ್ಯುಮಿನಿಯಮ್ ಆದರೆ 13½, 12 ಮಿ.ಮೀ. ಪಾಲಿಎಥಿಲೀನ್ ಆದರೆ ಸುಮಾರು 11. ಕವಚದ ಪ್ರತಿಯೊಂದು ಕಿಲೋಗ್ರಾಮೂ ಬಂಡಿ ಹೊರಬಹುದಾದ ಗೊಬ್ಬರದಿಂದ ಕಳೆಯತಕ್ಕದ್ದು. ಕೆಸರಿನಲ್ಲಿ ಭಾರವೇ ಶತ್ರು. ಬರಿಯ ಬಂಡೆಗಳ ಮೇಲೆಯೇ ತಿರುಗುವ ಬಂಡಿಗೆ ಉಕ್ಕು ಸಲ್ಲುವುದು. ಅಲ್ಯುಮಿನಿಯಮ್ ಹಗುರವಾದರೂ ಮೆದು. ಕಲ್ಲು ಅದನ್ನು ಗೀರಿ ಹಿಡಿದುಕೊಳ್ಳುವುದು. ಪಾಲಿಎಥಿಲೀನ್ ಬೇರಿನ ಮೇಲೂ ಕಲ್ಲಿನ ಮೇಲೂ ಜಾರಿಹೋಗುವುದು.

ಅದಕ್ಕೂ ದೋಷಗಳುಂಟು, ಯಜಮಾನರು ಅವನ್ನು ಮುಚ್ಚಿಡಲಿಲ್ಲ. ಸುಮಾರು 130 ಡಿಗ್ರಿ ಶಾಖದಲ್ಲಿ ಅದು ಕರಗುವುದರಿಂದ ಹೊಗೆಯ ಕೊಳವೆಯ ಬಳಿ ಅದನ್ನು ಹಾಕಕೂಡದು. ಅಲ್ಲಿ ಅಲ್ಯುಮಿನಿಯಮ್ಮೇ ಲೇಸು. ಒಂದು ಮೀಟರ್ ಉದ್ದದ ಹಾಳೆಯು 30 ಡಿಗ್ರಿ ಬಿಸಿಯೇರಿದರೆ ಸುಮಾರು ಅರ್ಧ ಸೆಂಟಿಮೀಟರ್ ಹಿಗ್ಗುವುದು. ಆದುದರಿಂದ ಬೋಲ್ಟಿನ ತೂತುಗಳನ್ನು ಉದ್ದವಾಗಿ ಕೊರೆಯಬೇಕು. ಬೋಲ್ಟಿನ ತಲೆಯು ಹಾಳೆಯೊಳಗೆ ಹುದುಗಿರಬೇಕು, ಇಲ್ಲವಾದರೆ ಮೊದಲ ಕಲ್ಲೇ ಅದನ್ನು ಕತ್ತರಿಸುವುದು. ಎಣ್ಣೆಯ ತಿರುಪಿಗೆ ಕಿಂಡಿ ಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು, ಕವಚವನ್ನು ಸುಲಭವಾಗಿ ಬಿಚ್ಚಿ ತೊಳೆಯುವಂತಿರಬೇಕು. ಅದರ ಮೇಲೆ ಸೇರಿದ ಕೆಸರು ಗಟ್ಟಿಯಾಗಿ ಎಂಜಿನ್ನಿನ ಶಾಖವನ್ನು ತಡೆಹಿಡಿಯುವುದು. ಒಣಗಿದ ಹುಲ್ಲೂ ಎಲೆಯೂ ಬಿಸಿ ಕೊಳವೆಗೆ ತಾಕಿದರೆ ಬೆಂಕಿ ಹತ್ತುವುದೂ ಉಂಟು.

ಕೊನೆಗೆ ಹೊಟ್ಟೆಗೆ ಪಾಲಿಎಥಿಲೀನ್, ಕೊಳವೆಯ ಬಳಿ ಅಲ್ಯುಮಿನಿಯಮ್ ಎಂದು ನಿಶ್ಚಯವಾಯಿತು. ವಾರಕ್ಕೊಮ್ಮೆ ಬಿಚ್ಚಿ ತೊಳೆಯುವ ಕೆಲಸವನ್ನು ಮೇಸ್ತ್ರಿಯ ಮೇಲೆ ಬಿಡದೆ ತಾನೇ ಮಾಡುವೆನೆಂದು ಅಳಿಯನು ಒಪ್ಪಿಕೊಂಡನು. ನನಗೆ ಹೆಚ್ಚು ಸಮಾಧಾನವಾದುದು ಇದರಿಂದ.

ಕರ್ಣನ ಕವಚವು ಮೈಯೊಡನೆಯೇ ಹುಟ್ಟಿದುದು. ಆಯ್ಕೆಯ ತೊಡಕು ಅವನಿಗಿರಲಿಲ್ಲ. ನಾವು ಕೊಂಡು ತರಬೇಕಾದವರು. ಆದುದರಿಂದ ಅಂಗಡಿಗೆ ಹೋಗುವ ಮುನ್ನ ಗೃಹಸ್ಥನು ಮೂರು ಸಂಗತಿಗಳನ್ನು ತಿಳಿದುಕೊಳ್ಳತಕ್ಕದ್ದು: ತನ್ನ ನೆಲ ಎಂತಹುದು, ಬಂಡಿ ಎಷ್ಟು ಹೊರಬಲ್ಲುದು, ಅದನ್ನು ನಡೆಸುವವರಾರು. ಇವಿಷ್ಟು ತಿಳಿದವನಿಗೆ ಉಳಿದುದನ್ನು ಪೀಣ್ಯದ ಕೈಗಳು ಕಲಿಸುವುವು.