ಟ್ರೈಲರ್ ಓರೆ ಓಡಿದರೆ ಟೈರನ್ನು ಬೈಯಬೇಡಿ

ಟ್ರ್ಯಾಕ್ಟರನ್ನು ನಾವೆಲ್ಲ ತಪ್ಪದೆ ಸರ್ವೀಸಿಗೆ ಬಿಡುತ್ತೇವೆ. ಹಿಂದಿನ ಟ್ರೈಲರ್‌ಗೆ ಮಾತ್ರ ಗ್ರೀಸು ತುಂಬಿದರೆ ಮುಗಿಯಿತು. ಭತ್ತ, ಶುಂಠಿ, ಅಡಿಕೆ ಗೊನೆ, ಎಲ್ಲ ಹೊರುವುದು ಅದೇ.

ನಮ್ಮ ಮನೆಯ ಎರಡು ಚಕ್ರದ ಟ್ರೈಲರ್ ಕಳೆದ ಸುಗ್ಗಿಯಲ್ಲಿ ಏಡಿಯ ಹಾಗೆ ಅಡ್ಡ ನಡೆಯತೊಡಗಿತು. ಟ್ರ್ಯಾಕ್ಟರ್ ನೆಟ್ಟಗೆ ಹೋದರೂ ಟ್ರೈಲರ್‌ನ ಹಿಂಬದಿ ಬಲಕ್ಕೆ ಚಾಚುತ್ತಿತ್ತು. ಕಿರಿದಾದ ರಸ್ತೆಯಲ್ಲಿ, ಕತ್ತಲಲ್ಲಿ, ಎದುರು ಬರುವ ಬೈಕಿನವರಿಗೆ ಆ ಮೂಲೆ ಕಾಣುವುದಿಲ್ಲ. ನಮಗೆ ಹೆದರಿಕೆ ಹುಟ್ಟಿದ್ದು ಅದಕ್ಕೆ. ಎರಡೂ ಟೈರು ಬದಲಿಸಿ ಎಂದವರೇ ಹೆಚ್ಚು.

1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕರಗಿಸಲು ಶುರು ಮಾಡಿದ ಜಿಲ್ಲೆ ನಮ್ಮದು. ಬೆಸುಗೆ ಬಲ್ಲವರಿಗೆ ಇಲ್ಲಿ ಬರವಿಲ್ಲ. ಶಿವಮೊಗ್ಗದ ರಾಗಿಗುಡ್ಡದ ಹಿರಿಯ ಮೇಸ್ತ್ರಿಯೊಬ್ಬರು ಟೈರಿನ ಕಡೆ ನೋಡಲೂ ಇಲ್ಲ. "ಮೊದಲು ಟೇಪು ಹಿಡೀರಿ ಮಾರಾಯ್ರೆ" ಎಂದರು.

ಖಾಲಿ ಟ್ರೈಲರನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಹುಕ್ಕಿನ ನಡುವಿನಿಂದ ಆಕ್ಸಲ್‌ನ ಎಡತುದಿಗೂ ಬಲತುದಿಗೂ ಅಳೆದೆವು. ಎರಡೂ ಒಂದೇ ಇರಬೇಕು. ನಮ್ಮದರಲ್ಲಿ ಒಂದು ಇಂಚಿಗೂ ಹೆಚ್ಚು ವ್ಯತ್ಯಾಸ! ಒಂದು ಬದಿಯ ಯು ಬೋಲ್ಟು ಸಡಿಲವಾಗಿ, ಸ್ಪ್ರಿಂಗ್ ಪಟ್ಟಿಗಳ ನಡುಬೋಲ್ಟು ತುಂಡಾಗಿ, ಆಕ್ಸಲ್ ಹಿಂದೆ ಜಾರಿತ್ತು. ಬೋಲ್ಟು ಹಾಕಿ, ಅಳತೆ ಕೂಡಿಸಿ, ಬಿಗಿದರು. ನಾಲ್ಕಾರು ಲೋಡು ಹೊತ್ತ ಮೇಲೆ ಮತ್ತೆ ಬಿಗಿಸಿದೆವು.

ಅಲ್ಲೇ ಕಲಿತ ಇನ್ನೂ ಮೂರು ಮಾತು:

ಚಾಸಿಯ ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆಯಿರಿ. ಸಮ ಬರದಿದ್ದರೆ ಚೌಕಟ್ಟೇ ಸೊಟ್ಟಗಾಗಿದೆ.

ಎರಡೂ ಟೈರಿನ ಮುಂಭಾಗದಲ್ಲಿ, ಹಬ್ಬಿನ ಎತ್ತರಕ್ಕೆ, ಸೀಮೆಸುಣ್ಣದ ಗುರುತು ಹಾಕಿ ನಡುವಿನ ಅಂತರ ಅಳೆಯಿರಿ. ಗುರುತು ಹಿಂದಕ್ಕೆ ಬರುವಷ್ಟು ಟ್ರೈಲರನ್ನು ಮುಂದೆ ತಳ್ಳಿ ಮತ್ತೆ ಅಳೆಯಿರಿ. ವ್ಯತ್ಯಾಸ ಹೆಚ್ಚಿದ್ದರೆ ಚಕ್ರಗಳು ಉಜ್ಜಿಕೊಂಡೇ ಓಡುತ್ತವೆ. ಟೈರಿನ ಒಳ ಅಂಚು ಮಾತ್ರ ಸವೆಯುತ್ತಿದ್ದರೆ ಹೊರೆ ಜಾಸ್ತಿಯಾಗಿ ಆಕ್ಸಲ್ ಬಗ್ಗಿರಬಹುದು.

ಆಕ್ಸಲ್‌ನ ಹತ್ತಿರ ಬೆಸುಗೆ ಮಾಡಿಸುವುದಿದ್ದರೆ, ಮೊದಲು ಚುಕ್ಕಿ ಬೆಸುಗೆ, ಆಮೇಲೆ ಅಳತೆ, ಕೊನೆಗೆ ಪೂರ್ತಿ ಬೆಸುಗೆ. ಬಿಸಿ ಕಬ್ಬಿಣ ಆರುವಾಗ ಎಳೆದುಕೊಳ್ಳುತ್ತದೆ.

ಟೇಪು, ಸೀಮೆಸುಣ್ಣ, ಜೊತೆಗೊಬ್ಬರು ಇದ್ದರೆ ಅರ್ಧ ಗಂಟೆಯ ಕೆಲಸ. ಈ ಸಲದ ಸುಗ್ಗಿಗೆ ಮುಂಚೆಯೇ ಮಾಡಿಬಿಡಿ. ಹೊರೆಯ ಮೇಲೆ ಕೂತು ಬರುವವರು, ಎದುರಿನಿಂದ ಬರುವವರು, ಇಬ್ಬರೂ ನಮ್ಮೂರಿನವರೇ.