ಗರಿಯೋ, ಮೊಟ್ಟೆಯೋ?

ಇಂಗ್ಲೆಂಡಿನ ಕೆಂಟ್ ಸೀಮೆಯ ಆರ್ಪಿಂಗ್ಟನ್ ಎಂಬ ಊರಿನಲ್ಲಿ, 1886ರಲ್ಲಿ, ವಿಲಿಯಂ ಕುಕ್ ಎಂಬಾತನು ಹೊಸ ಕೋಳಿತಳಿಯೊಂದನ್ನು ಹೊರತಂದನು. ಮಿನೋರ್ಕಾ, ಲ್ಯಾಂಗ್‌ಶಾನ್, ಪ್ಲಿಮತ್ ರಾಕ್ ತಳಿಗಳ ಬೆರಕೆಯಿಂದ ಹುಟ್ಟಿದ ಅದಕ್ಕೆ ಊರಿನ ಹೆಸರೇ ನಿಂತಿತು. ಮೊಟ್ಟೆಗೂ ಮಾಂಸಕ್ಕೂ ಒದಗುವ ಹಿತ್ತಲಕೋಳಿಯೇ ಅವನ ಗುರಿ. ಲಂಡನ್ನಿನ ಮಸಿಯಲ್ಲಿ ಮಾಸಿದಂತೆ ಕಾಣದಿರಲೆಂದು ಕಪ್ಪು ಗರಿಯನ್ನು ಆರಿಸಿದನಂತೆ. ಮುಂದೆ ಬಿಳಿ, ಹೊಂಬಣ್ಣದ ಬಗೆಗಳೂ ಬಂದವು.

ಬಣ್ಣಕ್ಕೂ ಒಂದು ಲೆಕ್ಕವಿದೆ. ನೀಲಿ ಹುಂಜಕ್ಕೆ ನೀಲಿ ಹೇಂಟೆಯನ್ನು ಕೂಡಿಸಿದರೆ ಮರಿಗಳೆಲ್ಲ ನೀಲಿಯಾಗವು. ಸರಾಸರಿ ನಾಲ್ಕರಲ್ಲಿ ಎರಡು ನೀಲಿ, ಒಂದು ಕಪ್ಪು, ಒಂದು ಬಿಳಿಮೈಯ ಮೇಲೆ ಕಲೆಗಳುಳ್ಳದ್ದು. ಆ ಕಲೆಯ ಕೋಳಿಯನ್ನು ಕಪ್ಪಿನೊಡನೆ ಕೂಡಿಸಿದರೆ ಮರಿಗಳೆಲ್ಲವೂ ನೀಲಿ!

ಗುಣದ ಲೆಕ್ಕ ಇಷ್ಟು ಸುಲಭವಲ್ಲ. ಪ್ರದರ್ಶನಪ್ರಿಯರು ಕೊಚಿನ್ ರಕ್ತವನ್ನು ಬೆರೆಸಿ, ತುಂಬುಗರಿಯ ಹಕ್ಕಿಗಳನ್ನೇ ಆಯುತ್ತ ಹೋದರು. ಮೈ ಸೊಂಪಾಯಿತು, ಮೊಟ್ಟೆ ಇಳಿಯಿತು. ಇತ್ತ ಆಸ್ಟ್ರೇಲಿಯಾಕ್ಕೆ ಹೋದ ಕಪ್ಪು ಆರ್ಪಿಂಗ್ಟನ್‌ಗಳನ್ನು ಅಲ್ಲಿನವರು ಮೊಟ್ಟೆಗಾಗಿಯೇ ಬೆಳೆಸಿದರು. ಆ ವಂಶವೇ ಆಸ್ಟ್ರಲಾರ್ಪ್. 1922–23ರಲ್ಲಿ ಅದರ ಆರು ಹೇಂಟೆಗಳು 365 ದಿನಗಳಲ್ಲಿ 1,857 ಮೊಟ್ಟೆಗಳನ್ನಿಟ್ಟವು.

ಮೂಲ ಒಂದೇ, ಆಯ್ದ ಕಣ್ಣು ಬೇರೆ. ಗರಿಯ ಅಂದವನ್ನು ದಾರಿಹೋಕನೂ ಕಂಡಾನು. ಮೊಟ್ಟೆಯಿಡುವ ಗುಣವು ವರ್ಷವಿಡೀ ಗೂಡಿನ ಬಳಿ ಕುಳಿತು ಲೆಕ್ಕ ಬರೆದವನಿಗೆ ಮಾತ್ರ ಕಾಣುವುದು. ಯಾರೂ ಲೆಕ್ಕವಿಡದ ಗುಣವು ತಳಿಯಿಂದ ಸದ್ದಿಲ್ಲದೆ ಜಾರಿಹೋಗುತ್ತದೆ. ಆಗಲೂ ಹೆಸರು ಮಾತ್ರ ಆರ್ಪಿಂಗ್ಟನ್ ಎಂದೇ ಉಳಿದಿರುತ್ತದೆ.