ಬೆಣ್ಣೆ ಬಾಯಿಯ ಚಾಡಿಕೋರ

ಹೋದ ವರ್ಷ ಅಕ್ಟೋಬರ್ 31ರ ಮರುದಿನ ಅಮೆರಿಕದಿಂದ ತಂಗಿ ಒಂದು ವಿಡಿಯೋ ಕಳಿಸಿದಳು. ಅವಳ ಆರು ವರ್ಷದ ಮಗ ಎಲುಬಿನ ಚಿತ್ರದ ಅಂಗಿ ತೊಟ್ಟು, ಮಂದಿಯ ಮನೆ ಬಾಗಿಲಲ್ಲಿ ಹಲ್ಲು ಕಿರಿದು ಚಾಕಲೇಟು ಬೇಡುತ್ತಿದ್ದ. ಬಾಗಿಲು ತೆರೆದವರು ಹೆದರಿದ ಸೋಗು ಹಾಕಿ ಅವನ ಬುಟ್ಟಿ ತುಂಬುತ್ತಿದ್ದರು. ‘ನಮ್ಮೂರಾಗ ಹ್ಯಾಲೋವೀನ್ ಇರಲಿಲ್ಲ ನೋಡಣ್ಣ’ ಅಂತ ಕೆಳಗೊಂದು ಸಾಲು. ನನಗೆ ನಗು ಬಂತು. ಜೋಕುಮಾರ ಬಂದ ಅಂದರೆ ಜೋಳದ ಚೀಲಗಳ ಸಂದಿಯಲ್ಲಿ ನುಸುಳಿ ಉಸಿರು ಬಿಗಿಹಿಡಿಯುತ್ತಿದ್ದವಳು ಇವಳೇ!

ನಮ್ಮದು ನವಲಗುಂದ ತಾಲ್ಲೂಕಿನ ಎರೆನಾಡು, ಬೆಣ್ಣಿಹಳ್ಳದ ಆಸುಪಾಸಿನ ಊರು. ಗಣಪ್ಪ ಬಂದು ನಾಲ್ಕು ದಿನಕ್ಕೆ, ಭಾದ್ರಪದ ಶುದ್ಧ ಅಷ್ಟಮಿಗೆ, ಜೋಕುಮಾರ ಹುಟ್ಟುತ್ತಿದ್ದ. ಅಂಬಿಗರ ಹೆಣ್ಣುಮಕ್ಕಳು ಬೇವಿನ ತಪ್ಪಲು ಹಾಸಿದ ಬುಟ್ಟಿಯಲ್ಲಿ ಅವನನ್ನು ಕೂಡಿಸಿ, ತಲೆಯ ಮೇಲೆ ಹೊತ್ತು, ಹಾಡುತ್ತ ಮನೆಮನೆಗೆ ತರುತ್ತಿದ್ದರು. ಹಸಿಮಣ್ಣಿನ ಅಗಲ ಮುಖ, ಮುಚ್ಚಲಾರದ ದೊಡ್ಡ ಕಣ್ಣು, ತೆರೆದ ಬಾಯಿ. ಆ ಬಾಯಿಗೆ ಮೆತ್ತಿದ ಬೆಣ್ಣೆ ಬಿಸಿಲಿಗೆ ಕರಗಿ ಗದ್ದಕ್ಕೆ ಇಳಿಯುತ್ತಿತ್ತು. ಗಣಪ್ಪನಿಗೆ ಪಡಸಾಲೆಯಲ್ಲಿ ಮಂಟಪ. ಇವನಿಗೆ ಹೊಸ್ತಿಲ ಹೊರಗಿನ ಅಂಗಳವೇ ಗತಿ.

ಒಂದು ವರ್ಷ ಅಜ್ಜಿ ಜೋಳದ ಮೊರವನ್ನು ನನ್ನ ಕೈಗಿಟ್ಟಳು. ‘ಹೋಗು, ನೀಡಿ ಬಾ. ಹಸದು ಬಂದಾನ ಅಂವಾ.’ ಕಣ್ಣು ಮುಚ್ಚಿಕೊಂಡೇ ಸುರಿದೆ. ಅರ್ಧ ಬುಟ್ಟಿಗೆ, ಅರ್ಧ ನೆಲಕ್ಕೆ. ಹೊತ್ತು ತಂದಾಕೆ ನಗುತ್ತ ಒಂದೊಂದೇ ಕಾಳು ಆರಿಸಿಕೊಂಡು, ಬೇವಿನ ಎಲೆಯನ್ನೂ ಹಿಡಿ ನುಚ್ಚನ್ನೂ ತಿರುಗಿ ಕೊಟ್ಟಳು. ಬೆಳೆಗೆ ಹುಳ ಬೀಳಬಾರದೆಂದು ಅಪ್ಪ ಅದನ್ನು ಹೊಲದಲ್ಲಿ ಚೆಲ್ಲಿ ಬಂದ.

ಆ ರಾತ್ರಿ ಅಜ್ಜಿ ಕತೆ ಹೇಳಿದಳು. ಗಣಪ್ಪ ಭೂಮಿಗೆ ಬಂದು ಕಡುಬು, ಹೋಳಿಗೆ ಉಂಡು ಕೈಲಾಸಕ್ಕೆ ಹೋಗಿ, ‘ಎಲ್ಲಾರೂ ಸುಖದಾಗ ಅದಾರ’ ಅನ್ನುತ್ತಾನಂತೆ. ಓಣಿ ಓಣಿ ಅಲೆದ ಜೋಕುಮಾರ ಮಾತ್ರ, ಮಳೆ ಇಲ್ಲ, ಬೆಳೆ ಒಣಗಿದೆ, ಮಂದಿ ಅಂಬಲಿಗೂ ಪರದಾಡುತ್ತಿದ್ದಾರೆ ಎಂದು ಶಿವನಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತಾನಂತೆ. ಹೆಸರು ಬಿಡಿಸಿ ಮುಗಿಸಿ, ಹಿಂಗಾರಿ ಜೋಳ, ಕಡಲೆಗೆ ಹೊಲ ಹದ ಮಾಡಿಕೊಂಡು ಮುಗಿಲು ನೋಡುವ ದಿನಗಳು ಅವು. ಊರಿನವರಿಗೆ ಇಂಥ ವರದಿಗಾರನೇ ಬೇಕಾಗಿದ್ದ. ನನಗೋ ಎದೆ ಧಸಕ್ಕೆಂದಿತು. ಇದ್ದದ್ದೆಲ್ಲ ಹೇಳುವವನು ನಾನು ಜೋಳ ಚೆಲ್ಲಿದ್ದನ್ನು ಬಿಡುತ್ತಾನೆಯೇ?

ಏಳೇ ದಿನದ ಆಯುಷ್ಯ ಅವನದು. ಹುಣ್ಣಿಮೆಯ ರಾತ್ರಿ ಅವನನ್ನು ಕೊಲ್ಲುತ್ತಾರೆ, ಅವನ ಕೂಗು ಕಿವಿಗೆ ಬೀಳಬಾರದು ಎಂದು ಅಜ್ಜಿ ನಮ್ಮನ್ನು ಹೊತ್ತಿಗೆ ಮುಂಚೆಯೇ ಕೌದಿಯೊಳಗೆ ಸೇರಿಸಿದಳು. ಬಾಯಿಗೆ ಬೆಣ್ಣೆ ಮೆತ್ತಿದವರೇ ಕೊಲ್ಲುವುದು ಹೇಗೆ? ಕೇಳಿದೆ. ‘ಸುಮ್ನ ಮಲಗು’ ಎಂಬುದೊಂದೇ ಉತ್ತರ. ಮುಂದೆ ಕಂಬಾರರ 1972ರ ನಾಟಕ ‘ಜೋಕುಮಾರಸ್ವಾಮಿ’ ಓದಿದಾಗ, ನಮ್ಮ ಬುಟ್ಟಿಯ ದೇವರು ಪಡುವಲಕಾಯಿಯಾಗಿ ಗೌಡನ ದರ್ಪಕ್ಕೇ ಎದುರು ನಿಂತಿದ್ದ. ನಿಜ ಹೇಳುವವನ ಆಯುಷ್ಯ ಏಕೆ ಗಿಡ್ಡ ಎಂಬುದು ಆಗ ಸ್ವಲ್ಪ ತಿಳಿಯಿತು.

ಹ್ಯಾಲೋವೀನಿಗೂ ಸುಗ್ಗಿಯ ಬೇರಿದೆ. ಐರ್ಲೆಂಡಿನ ಹಳ್ಳಿಗರು ಟರ್ನಿಪ್ ಗಡ್ಡೆ ಕೊರೆದು ದೀಪವಿಡುತ್ತಿದ್ದರು; ಅಮೆರಿಕಕ್ಕೆ ವಲಸೆ ಹೋದವರಿಗೆ ಅಲ್ಲಿ ಕುಂಬಳ ಸಿಕ್ಕಿತು. ಅದರ ಬೆನ್ನಿಗೇ ನವೆಂಬರ್ 2ರಂದು ಸತ್ತವರನ್ನು ನೆನೆಯುವ ದಿನ. ನಮ್ಮಲ್ಲಿಯೂ ಜೋಕುಮಾರನ ಹುಣ್ಣಿಮೆ ಕಳೆದ ಮರುದಿನವೇ ಪಿತೃಪಕ್ಷ. ಅಲ್ಲಿ ಮಕ್ಕಳೇ ಭೂತವಾಗಿ ದೊಡ್ಡವರನ್ನು ಹೆದರಿಸುತ್ತವೆ. ನಾವು ಹೆದರಿಕೆಗೇ ಜೋಳ ನೀಡಿ, ಸುದ್ದಿ ಮುಟ್ಟಿಸಪ್ಪ ಎಂದು ಕಳಿಸುತ್ತಿದ್ದೆವು.

ತಂಗಿಯ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವನಿಗೆ ಬೇಕಾದದ್ದು ಒಂದೇ: ‘ಮಾಮಾ, ನೀ ಚೆಲ್ಲಿದ್ದು ಅವನು ಹೇಳಿದನಾ?’

ಆ ವರ್ಷ ಹುಣ್ಣಿಮೆಯಾದ ಮೂರನೆಯ ರಾತ್ರಿ ಉತ್ತರಿ ಮಳೆ ಹಂಚು ಹಾರುವಂತೆ ಹೊಡೆಯಿತು. ಅಜ್ಜಿ ಸೋರುವ ಕಡೆ ತಪ್ಪಲೆ ಇಡುತ್ತ ಕೌದಿಯೊಳಗಿದ್ದ ನನ್ನತ್ತ ತಿರುಗಿ ಅಂದಳು: ‘ಹೇಳ್ಯಾನ ನೋಡು. ನಿಂದೂ ಹೇಳ್ಯಾನ.’